ಚಕ್ರವ್ಯೂಹದೊಳಗೆ ಮಾತಿಗೆ ಎಡೆಯೆಷ್ಟು?

ಶಾಲೆಯ ನಾಟಕಗಳಿಗೆ ನಮ್ಮಲ್ಲಿ ವರದಿ ಇದೆ, ವಿಮರ್ಶೆ ಇಲ್ಲ. ಉದ್ಘಾಟಕರು, ಅಧ್ಯಕ್ಷರು, ಸ್ವಾಗತಿಸಿದವರು, ವಂದನಾರ್ಪಣೆಗೈದವರು, ಇವರೆಲ್ಲರ ಹೆಸರು ಮುಗಿದ ಮೇಲೆ ಮಕ್ಕಳ ಅಭಿನಯ ಪ್ರೇಕ್ಷಕರ ಮನಸೂರೆಗೊಂಡಿತೆಂಬ ಒಂದು ವಾಕ್ಯ, ಅಲ್ಲಿಗೆ ಸಮಾಪ್ತಿ. ಮಕ್ಕಳ ಕೆಲಸವನ್ನು ಹೊಗಳಿದರೆ ವಾತ್ಸಲ್ಯ, ತೂಗಿ ನೋಡಿದರೆ ನಿಷ್ಠುರ ಎಂಬ ಭಾವನೆ ನಮ್ಮಲ್ಲಿ ಬೇರೂರಿರುವುದೇ ಇದಕ್ಕೆ ಕಾರಣವಿರಬೇಕು. ನನಗೆ ಹಾಗೆ ತೋರುವುದಿಲ್ಲ. ಹತ್ತು ದಿನ ಹಗಲಿರುಳು ದುಡಿದು ಮಕ್ಕಳು ಒಂದು ಆಟವನ್ನು ಕಟ್ಟಿದ್ದಾರೆಂದ ಮೇಲೆ, ಅದು ಏನನ್ನು ಸಾಧಿಸಿತು, ಎಲ್ಲಿ ಕಾಲು ಜಾರಿತು ಎಂದು ಹೇಳುವವರೊಬ್ಬರಾದರೂ ಬೇಕು. ಆ ಗೌರವವನ್ನು ಅವರಿಗೆ ಸಲ್ಲಿಸುವ ಉದ್ದೇಶದಿಂದಲೇ ಈ ಲೇಖನ.

ಈಚೆಗೆ ನಮ್ಮ ಸೀಮೆಯ ಬೇಸಗೆ ರಂಗಶಿಬಿರಗಳಲ್ಲಿ ಹೊಸ ಬಗೆಯ ಪ್ರಯೋಗವೊಂದನ್ನು ಕಾಣುವ ಅವಕಾಶ ನನಗೆ ಒದಗಿತು. ಕಥೆ ಪುರಾಣದ್ದು, ಉಡುಪು, ಸದ್ದು, ಆಯುಧ ಇಂದಿನ ಯುದ್ಧದ್ದು, ಪ್ರೇಕ್ಷಕರು ಕುರ್ಚಿಯಲ್ಲಿ ಕೂರದೆ ಆಟದ ನಡುವೆಯೇ ನಡೆದಾಡಬೇಕು. ಇದಕ್ಕೆ ಇಂಗ್ಲಿಷಿನಲ್ಲಿ ‘ಇಮ್ಮರ್ಸಿವ್’ ಎನ್ನುತ್ತಾರಂತೆ. ಮುಳುಗಿಸುವ ನಾಟಕ ಎಂದರೆ ಅಪಶಕುನವಾದೀತು. ಒಳಗೊಳ್ಳುವ ನಾಟಕ ಎನ್ನೋಣ. ಪಾಶ್ಚಾತ್ಯ ದೇಶಗಳಲ್ಲಿ ಇದಕ್ಕೆ ದೊಡ್ಡ ಮಾರುಕಟ್ಟೆಯೇ ಇದೆ. ಲಂಡನ್ನಿನ ವೂಲ್ವಿಚ್‌ನಲ್ಲಿ, ಒಂದು ಕಾಲಕ್ಕೆ ಬ್ರಿಟಿಷ್ ಸೇನೆಯ ಆಯುಧಾಗಾರವಾಗಿದ್ದ ಆವರಣದ ಕಟ್ಟಡಗಳಲ್ಲಿ, ಪಂಚ್‌ಡ್ರಂಕ್ ಎಂಬ ತಂಡ ೨೦೨೨ರಲ್ಲಿ ಟ್ರಾಯ್ ನಗರದ ಪತನವನ್ನು ‘ದಿ ಬರ್ನ್ಟ್ ಸಿಟಿ’ ಎಂಬ ಹೆಸರಿನಿಂದ ಆಡಿತು. ಪ್ರೇಕ್ಷಕರಿಗೆಲ್ಲ ಮುಖವಾಡ, ಅವರು ತುಟಿ ಬಿಚ್ಚುವಂತಿಲ್ಲ, ಕತ್ತಲೆಯ ಕೋಣೆಯಿಂದ ಕೋಣೆಗೆ ತಮಗೆ ತೋಚಿದಂತೆ ಅಲೆಯಬೇಕು. ನಟರೂ ಬಹುಮಟ್ಟಿಗೆ ಮಾತಿಲ್ಲದೆ, ನೃತ್ಯ ಮತ್ತು ಅಂಗಚಲನೆಗಳಿಂದಲೇ ಕಥೆಯನ್ನು ನಡೆಸಿದರು. ನಾನು ಓದಿ ತಿಳಿದದ್ದು ಇಷ್ಟು. ಆ ‘ಮಾತಿಲ್ಲದೆ’ ಎಂಬ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ನನ್ನ ತಕರಾರು ಇರುವುದೆಲ್ಲ ಅಲ್ಲಿಯೇ.

ಪ್ರೇಕ್ಷಕರ ನಡುವೆ ಆಟವಾಡುವುದು ನಮಗೇನೂ ಹೊಸತಲ್ಲವೆಂಬುದನ್ನು ಮೊದಲಿಗೇ ಹೇಳಿಬಿಡಬೇಕು. ಕೊಯ್ಲಾದ ಗದ್ದೆಯಲ್ಲಿ ರಾತ್ರಿಯಿಡೀ ಕುಳಿತು ‘ದೇವಿ ಮಹಾತ್ಮೆ’ಯನ್ನು ನೋಡಿದ ತೆಂಕುತಿಟ್ಟಿನ ಯಾವ ಮಗುವಿಗೂ ಮಹಿಷಾಸುರನ ಪ್ರವೇಶವನ್ನು ವಿವರಿಸಬೇಕಾಗಿಲ್ಲ. ಎಲ್ಲರೂ ರಂಗಸ್ಥಳದತ್ತ ಮುಖಮಾಡಿ ತೂಕಡಿಸುತ್ತಿರುವಾಗ ಬೆನ್ನ ಹಿಂದಿನಿಂದ ಆರ್ಭಟ ಕೇಳಿಬರುತ್ತದೆ. ದೊಂದಿಗಳ ಬೆಂಕಿ, ರಾಳದ ಭುಗಿಲು, ಚೆಂಡೆಯ ಅಬ್ಬರ, ಚಾಪೆಯ ಮೇಲಿದ್ದ ಮಕ್ಕಳೆಲ್ಲ ಅಜ್ಜಿಯಂದಿರ ಸೆರಗಿನೊಳಗೆ. ಇದಕ್ಕಿಂತ ಒಳಗೊಳ್ಳುವ ನಾಟಕ ಇನ್ನಾವುದಿದ್ದೀತು? ಆದರೆ ಯಕ್ಷಗಾನ ಅಲ್ಲಿಗೇ ನಿಲ್ಲಲಿಲ್ಲ. ಹೆದರಿಸಿ ಎಬ್ಬಿಸಿದ ಪ್ರೇಕ್ಷಕನ ಮುಂದೆ ಅದೇ ಮಹಿಷ ಮಾತನಾಡುತ್ತಾನೆ. ತಾನು ಯಾರು, ತನ್ನ ತಾಯಿಗಾದ ದುಃಖವೇನು, ದೇವತೆಗಳ ಮೇಲೆ ತನಗೇಕೆ ಹಗೆ ಎಂಬುದನ್ನು ನಿವೇದಿಸಿಕೊಳ್ಳುತ್ತಾನೆ. ಬೆಂಕಿಯಿಂದ ಬಂದ ಭಯ ಮಾತಿನಿಂದ ವಿಚಾರವಾಗಿ ಮಾರ್ಪಡುತ್ತದೆ. ಒಳ್ಳೆಯ ವೇಷಧಾರಿ ಸಿಕ್ಕಿದರೆ, ಮುಂಜಾವಿನಲ್ಲಿ ಮಹಿಷ ಬೀಳುವಾಗ ‘ಅಯ್ಯೋ’ ಎನ್ನುವವರೂ ಆ ಸಭೆಯಲ್ಲಿರುತ್ತಾರೆ.

ಈಗ ನಾನು ಕಂಡ ಪ್ರಯೋಗದ ವಿಚಾರ. ಶಾಲೆಯ ಹೆಸರಾಗಲಿ ನಿರ್ದೇಶಕರ ಹೆಸರಾಗಲಿ ಇಲ್ಲಿ ಅಗತ್ಯವಿಲ್ಲ. ಎಂಟನೆಯ, ಒಂಬತ್ತನೆಯ ತರಗತಿಯ ಮೂವತ್ತಕ್ಕೂ ಮಿಕ್ಕಿದ ಮಕ್ಕಳು. ರಂಗಶಿಕ್ಷಣ ಪಡೆದು ಬಂದ ಉತ್ಸಾಹಿ ತರುಣ ನಿರ್ದೇಶಕ. ಹತ್ತು ದಿನಗಳ ಶಿಬಿರ. ಆರಿಸಿಕೊಂಡ ಕಥೆ ಅಭಿಮನ್ಯುವಿನದು. ಪ್ರೇಕ್ಷಕರನ್ನು ಹದಿನೈದು ಹದಿನೈದು ಮಂದಿಯ ಗುಂಪುಗಳಾಗಿ ಮಾಡಿ, ಸಂಜೆಗತ್ತಲಿನಲ್ಲಿ ಶಾಲೆಯ ಜಗಲಿಯಿಂದ ತರಗತಿಗೆ, ತರಗತಿಯಿಂದ ಅಂಗಳಕ್ಕೆ ಮಕ್ಕಳೇ ಕರೆದೊಯ್ದರು. ಡೆಸ್ಕು ಬೆಂಚುಗಳನ್ನು ಒಟ್ಟಿ, ಅಡಕೆ ಸಲಾಕೆಗಳನ್ನು ಕಟ್ಟಿ ಸುತ್ತು ದಾರಿಯ ವ್ಯೂಹವನ್ನು ರಚಿಸಿದ್ದರು. ಎಲ್ಲೆಡೆ ಧ್ವನಿವರ್ಧಕ, ಅದರಿಂದ ಸೈರನ್, ಹೆಲಿಕಾಪ್ಟರ್, ಸಿಡಿತ. ಕೌರವಸೈನ್ಯಕ್ಕೆ ಹಸಿರು ಕಂದು ಬಣ್ಣದ ಮಚ್ಚೆಯಂಗಿ, ಮುಖಕ್ಕೆ ಕಪ್ಪು ಬಟ್ಟೆ. ದ್ರೋಣಾಚಾರ್ಯರು ಮೇಜಿನ ಮುಂದೆ ಕುಳಿತು ಡ್ರೋನ್ ನಡೆಸುತ್ತಿದ್ದರು! ದ್ರೋಣ–ಡ್ರೋನ್ ಶ್ಲೇಷೆಗೆ ಹಿರಿಯರೆಲ್ಲ ನಕ್ಕರು, ನಾನೂ ನಕ್ಕೆ. ಎಪ್ಪತ್ತು ದಾಟಿದ ಮೊಣಕಾಲಿಗೆ ಆ ಕತ್ತಲೆಯ ತಿರುವುಗಳು ಸುಲಭವಾಗಿರಲಿಲ್ಲವಾದರೂ ಮಕ್ಕಳು ಕೈಹಿಡಿದು ನಡೆಸಿದ ರೀತಿ ಮೆಚ್ಚತಕ್ಕದ್ದು.

ಆ ಸಂಜೆಯ ಶ್ರೇಷ್ಠ ದೃಶ್ಯ ನಡೆದುದು ಮಧ್ಯಾಹ್ನದೂಟದ ಅಡುಗೆಕೋಣೆಯಲ್ಲಿ. ಅದು ಸುಭದ್ರೆಯ ಮನೆ. ಆರಿದ ಒಲೆಯ ಬಳಿ ಒಬ್ಬ ಹುಡುಗಿ ಅನ್ನದ ಪಾತ್ರೆಯನ್ನು ಮುಚ್ಚಿ ತೆರೆದು ಮಾಡುತ್ತ ಕುಳಿತಿದ್ದಳು, ಮೊಬೈಲ್ ಪಕ್ಕದಲ್ಲಿ. ಒಳಹೊಕ್ಕ ನಮ್ಮನ್ನು ನೆರೆಕರೆಯವರೆಂದೇ ಭಾವಿಸಿ ಮಾತನಾಡಿಸಿದಳು. ನೆಟ್ವರ್ಕ್ ಸಿಗುತ್ತಿಲ್ಲವೆಂದಳು. ಮಗ ಗರ್ಭದಲ್ಲಿದ್ದಾಗ ಅರ್ಜುನ ವ್ಯೂಹದ ಕಥೆ ಹೇಳುತ್ತಿದ್ದನೆಂದೂ, ಅರ್ಧದಲ್ಲಿ ತನಗೆ ನಿದ್ದೆ ಬಂತೆಂದೂ, ಎಚ್ಚರವಿರಬೇಕಿತ್ತೆಂದೂ ಹೇಳಿದಳು. ದೂರದಲ್ಲಿ ಸಿಡಿತದ ಸದ್ದಾದಾಗ ಮಾತು ನಿಲ್ಲಿಸಿ, ಮತ್ತೆ ಪಾತ್ರೆಯ ಮುಚ್ಚಳ ತೆಗೆದು ನೋಡಿದಳು. ನಮ್ಮ ಗುಂಪಿನಲ್ಲಿದ್ದ ಇಬ್ಬರು ಅಜ್ಜಿಯಂದಿರು ಕಣ್ಣೊರೆಸಿಕೊಂಡರು. ಪುರಾಣ, ಇಂದಿನ ಯುದ್ಧ, ಪ್ರೇಕ್ಷಕ ಮೂರೂ ಒಂದಾದುದು ಅಲ್ಲಿ. ಆ ಒಂದು ದೃಶ್ಯದ ಬಲದಿಂದಲೇ ಈ ಬಗೆಯ ಪ್ರಯೋಗವನ್ನು ಸಾರಾಸಗಟಾಗಿ ತಳ್ಳಿಹಾಕುವವರ ಜತೆ ನಾನು ಸೇರಲಾರೆ. ಆದರೆ ಆ ದೃಶ್ಯ ಏಕೆ ಗೆದ್ದಿತು? ಕತ್ತಲೆಯಿಂದಲೋ, ಸದ್ದಿನಿಂದಲೋ? ಅಲ್ಲಿ ಒಬ್ಬಳು ಮಾತನಾಡಿದಳು. ನಾವು ಕೇಳಿಸಿಕೊಳ್ಳುವಷ್ಟು ಹತ್ತಿರದಲ್ಲಿದ್ದೆವು.

ಉಳಿದೆಡೆ ಸಂಗತಿ ಹೀಗಿರಲಿಲ್ಲ. ಜಯದ್ರಥನಿಗೆ ಮಾತೇ ಇಲ್ಲ. ಬಾಗಿಲಿಗೆ ಅಡ್ಡ ನಿಂತು ತಳ್ಳುವುದಷ್ಟೇ ಅವನ ಪಾತ್ರ. ಕರ್ಣ, ಕೃಪ, ಅಶ್ವತ್ಥಾಮ ಯಾರು ಯಾರೆಂದು ಮುಖದ ಬಟ್ಟೆಯಿಂದಾಗಿ ತಿಳಿಯಲಿಲ್ಲ. ಎಲ್ಲರೂ ಬಿದಿರ ಕೋಲಿನಿಂದ ನೆಲ ಬಡಿದರು, ಅಭಿಮನ್ಯು ಬಿದ್ದ. ಆಟ ಮುಗಿದ ಮೇಲೆ ಕೌರವಪಕ್ಷದ ಹುಡುಗನೊಬ್ಬನನ್ನು ‘ನೀನು ಯಾರಾಗಿದ್ದೆ ಮಗಾ?’ ಎಂದು ಕೇಳಿದೆ. ‘ನಾನು ಶತ್ರು, ಸಾರ್’ ಎಂದ. ಹೆಸರು ಕೇಳಿದರೆ ಗೊತ್ತಿಲ್ಲ. ಅವನದೇನು ತಪ್ಪು? ಹತ್ತು ದಿನವೂ ಅವನಿಗೆ ಕಲಿಸಿದ್ದು ಅಷ್ಟೇ.

ಇಲ್ಲಿ ನಾವು ನಿಂತು ಯೋಚಿಸಬೇಕು. ಮಹಾಭಾರತದ ಯುದ್ಧದಲ್ಲಿ ‘ಶತ್ರು’ ಎಂಬ ಹೆಸರಿನ ಪಾತ್ರವೇ ಇಲ್ಲ. ಹದಿಮೂರನೆಯ ದಿನ ವ್ಯೂಹವನ್ನು ಒಡ್ಡಿದ ದ್ರೋಣನಿಗೆ ಒಳಗೆ ಬಂದವನು ತನ್ನ ಪ್ರಿಯಶಿಷ್ಯನ ಮಗನೆಂದು ಗೊತ್ತು. ಹಿಂದಿನಿಂದ ಬಂದು ಬಿಲ್ಲು ಕತ್ತರಿಸಿದ ಕರ್ಣನಿಗೆ ಆ ಹುಡುಗ ತನ್ನ ತಮ್ಮನ ಮಗನೆಂದು ಗೊತ್ತು. ಕೃಷ್ಣ ಅದನ್ನು ಮೊದಲೇ ತಿಳಿಸಿದ್ದಾನೆ. ಜಯದ್ರಥನಿಗೆ ದ್ರೌಪದಿಯ ಪ್ರಕರಣದಲ್ಲಿ ಆದ ಅವಮಾನದ ನೆನಪಿದೆ, ಶಿವನ ವರವಿದೆ, ಒಂದು ದಿನದ ಮಟ್ಟಿಗೆ ನಾಲ್ವರು ಪಾಂಡವರನ್ನು ತಡೆಯಬಲ್ಲೆನೆಂಬ ಗರ್ವವಿದೆ. ಕೊಲ್ಲುವವನು ಕೊಲ್ಲಲ್ಪಡುವವನ ಮುಖವನ್ನು ಕಂಡೇ ಕೊಲ್ಲುತ್ತಾನೆ. ಕಥೆಯ ಭೀಕರತೆ ಇರುವುದು ಇಲ್ಲಿ. ಡ್ರೋನಿನ ಯುದ್ಧ ಇದಕ್ಕೆ ಪೂರಾ ವಿರುದ್ಧವಾದದ್ದು. ಗುಂಡಿ ಒತ್ತುವವನಿಗೆ ಎದುರಾಳಿಯ ಹೆಸರು ತಿಳಿದಿರುವುದಿಲ್ಲ. ತಿಳಿಯದಿರುವುದೇ ಆ ಯಂತ್ರದ ಅನುಕೂಲ. ದ್ರೋಣನನ್ನು ಡ್ರೋನಿನ ಮುಂದೆ ಕೂರಿಸಿದ ಕಲ್ಪನೆ ಶ್ಲೇಷೆಯಾಗಿ ಉಳಿದುಹೋಯಿತಲ್ಲ ಎಂಬುದು ನನ್ನ ಖೇದ. ಪರದೆಯ ಮೇಲೆ ಕಾಣುವ ಚಿಕ್ಕ ಬೊಂಬೆಯಂತಹ ಆಕೃತಿ ಬಿಲ್ಲು ಹಿಡಿಯುವ ಠೀವಿಯನ್ನು ನೋಡಿ, ಆ ಹಿಡಿತವನ್ನು ಕಲಿಸಿದವನು ತಾನೇ ಎಂದು ದ್ರೋಣನಿಗೆ ಅರಿವಾಗಿದ್ದರೆ? ಅರ್ಜುನನಿಗೆ ತಾನು ಕಲಿಸಿದ್ದು ಅರ್ಜುನನಿಂದ ಈ ಹುಡುಗನಿಗೆ ಇಳಿದಿದೆಯೆಂದು ಅವನು ಗಟ್ಟಿಯಾಗಿ ಹೇಳಿದ್ದರೆ? ಎರಡು ನಿಮಿಷದ ಮಾತು ಸಾಕಾಗಿತ್ತು. ಹಳೆಯ ಯುದ್ಧಕ್ಕೂ ಹೊಸ ಯುದ್ಧಕ್ಕೂ ಇರುವ ಅಂತರ ಆ ಹುಡುಗನಿಗೂ ನಮಗೂ ಅಲ್ಲಿಯೇ ಹೊಳೆಯುತ್ತಿತ್ತು. ಬಾಗಿಲ ತನಕ ಬಂದ ಅರ್ಥವನ್ನು ಒಳಕ್ಕೆ ಕರೆಯದೆ ಕಳುಹಿಸಿದಂತಾಯಿತು.

ಪುರಾಣವನ್ನು ಸಮಕಾಲೀನ ಯುದ್ಧದ ಕನ್ನಡಿಯಾಗಿ ಬಳಸಿದ ದೊಡ್ಡ ನಾಟಕಕಾರರು ಏನು ಮಾಡಿದರೆಂದು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಈಸ್ಕಿಲಸ್ ಮ್ಯಾರಥಾನ್ ಯುದ್ಧದಲ್ಲಿ ಪರ್ಷಿಯನ್ನರ ವಿರುದ್ಧ ಕಾದಿದವನು. ಕ್ರಿ.ಪೂ. ೪೮೦ರ ಸಲಾಮಿಸ್ ನೌಕಾಯುದ್ಧದಲ್ಲಿ ಗ್ರೀಕರು ಗೆದ್ದ ಎಂಟು ವರ್ಷಗಳ ಬಳಿಕ ಅವನು ನಾಟಕ ಬರೆದದ್ದು ಗೆದ್ದ ಅಥೆನ್ಸಿನ ಮೇಲಲ್ಲ, ಸೋತ ಪರ್ಷಿಯಾದ ಅರಮನೆಯ ಮೇಲೆ. ಮಗನ ದಾರಿ ಕಾಯುವ ರಾಜಮಾತೆ, ಸತ್ತವರ ಹೆಸರುಗಳನ್ನು ಒಂದೊಂದಾಗಿ ಹೇಳುವ ದೂತ. ಆ ನಾಟಕದಲ್ಲಿ ಒಬ್ಬನೇ ಒಬ್ಬ ಗ್ರೀಕ್ ವೀರನ ಹೆಸರು ಬರುವುದಿಲ್ಲವೆಂಬುದನ್ನು ಗಮನಿಸಬೇಕು; ಹೆಸರಿರುವುದು ಶತ್ರುಗಳಿಗೆ. ಅದನ್ನು ‘ಪಾರಸಿಕರು’ ಎಂದು ೧೯೩೫ರಲ್ಲಿ ಕನ್ನಡಕ್ಕೆ ತಂದವರು ನಮ್ಮ ಬಿ.ಎಂ.ಶ್ರೀ. ಅದಕ್ಕೂ ಮೊದಲು, ೧೯೨೯ರಲ್ಲಿ, ಸಾಫೋಕ್ಲಿಸನ ಏಜಾಕ್ಸ್‌ನ ಕಥೆಯನ್ನು ‘ಅಶ್ವತ್ಥಾಮನ್’ ಆಗಿ ಭಾರತಯುದ್ಧಕ್ಕೆ ಕೂಡಿಸಿದವರೂ ಅವರೇ. ಯವನ ವೀರನೊಬ್ಬನ ಕಥೆ ನಮ್ಮ ರಣರಂಗಕ್ಕೆ ಬಂದು ನೆಲೆಸಬಹುದಾದರೆ, ನಮ್ಮ ಅಭಿಮನ್ಯು ಇಂದಿನ ಯುದ್ಧಭೂಮಿಗೆ ಹೋಗಬಾರದೆಂದು ಹೇಳುವ ಹಕ್ಕು ನನಗೆಲ್ಲಿದೆ? ರೂಪಾಂತರಕ್ಕೆ ನನ್ನ ವಿರೋಧವಿಲ್ಲ. ೧೯೪೪ರಲ್ಲಿ ಜರ್ಮನ್ ಸೇನೆಯ ವಶದಲ್ಲಿದ್ದ ಪ್ಯಾರಿಸ್ಸಿನಲ್ಲಿ ಜಾ ಅನೂಯಿ ಬರೆದ ‘ಅಂತಿಗೊನೆ’ ಇಂದಿನ ಉಡುಪಿನಲ್ಲಿಯೇ ರಂಗವೇರಿತು. ಜರ್ಮನ್ ಸೆನ್ಸಾರಿನವರು ಅದಕ್ಕೆ ಅನುಮತಿ ಕೊಟ್ಟರು. ಸಭೆಯಲ್ಲಿದ್ದ ಫ್ರೆಂಚರು ಆ ಹುಡುಗಿಯಲ್ಲಿ ತಮ್ಮ ಪ್ರತಿರೋಧವನ್ನು ಕಂಡರು. ದೊರೆ ಕ್ರಿಯಾನನಿಗೂ ಅಲ್ಲಿ ಬಲವಾದ ವಾದವಿದ್ದುದರಿಂದಲೇ ಇದು ಸಾಧ್ಯವಾಯಿತು. ಇನ್ನು ಕುವೆಂಪು ಅವರ ‘ಸ್ಮಶಾನ ಕುರುಕ್ಷೇತ್ರಂ’ (೧೯೩೧) ನಮ್ಮಲ್ಲಿ ಅನೇಕರು ಓದಿದ್ದೇ. ಯುದ್ಧ ಮುಗಿದ ಇರುಳು, ಗೆದ್ದವರೂ ಸೋತವರೂ ಅದೇ ಮಸಣದಲ್ಲಿ ಅಲೆಯುತ್ತಾರೆ. ಅರಸರಲ್ಲದ ಸಾಮಾನ್ಯರಿಗೂ ಅಲ್ಲಿ ಮಾತಿದೆ.

ಸ್ಥಳವನ್ನೇ ನಾಟಕವಾಗಿಸುವ ಸಾಹಸವೂ ನಮ್ಮ ದೇಶದಲ್ಲಿ ನಡೆದಿದೆ. ಧರ್ಮವೀರ ಭಾರತಿಯವರ ‘ಅಂಧಾ ಯುಗ್’ ನಾಟಕವನ್ನು ಇಬ್ರಾಹಿಂ ಅಲ್ಕಾಜಿ ೧೯೬೩ರಲ್ಲಿ ದೆಹಲಿಯ ಫಿರೋಜ್ ಷಾ ಕೋಟ್ಲಾದ ಪಾಳುಗೋಡೆಗಳ ನಡುವೆ ಆಡಿಸಿದರು. ದೇಶವಿಭಜನೆಯ ಗಾಯ ಆರದಿದ್ದ ಕಾಲ, ಅಣುಬಾಂಬಿನ ನೆನಪು ಹಸಿಯಾಗಿದ್ದ ಕಾಲ. ಅಶ್ವತ್ಥಾಮ ಬ್ರಹ್ಮಾಸ್ತ್ರವನ್ನು ಬಿಡುವಾಗ ಸಭೆಗೆ ಅದನ್ನು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಪಾಳುಗೋಡೆ ತನ್ನ ಕೆಲಸ ಮಾಡಿತು, ಕಾವ್ಯದ ಮಾತು ತನ್ನ ಕೆಲಸ ಮಾಡಿತು. ಒಂದು ಇನ್ನೊಂದರ ಬಾಯಿ ಮುಚ್ಚಿಸಲಿಲ್ಲ.

ಮಂಜೇಶ್ವರದಲ್ಲಿ ಕುಳಿತು ಈ ವಿಷಯ ಬರೆಯುವವನು ಗೋವಿಂದ ಪೈಗಳನ್ನು ನೆನೆಯದೆ ಮುಂದೆ ಹೋಗುವುದು ಹೇಗೆ? ಅವರು ಏಕಲವ್ಯನನ್ನು ಕುರಿತು ‘ಹೆಬ್ಬೆರಳು’ ಎಂಬ ಪದ್ಯನಾಟಕ ಬರೆದರು. ೧೯೪೨ರ ಚಳುವಳಿಯ ಹಿನ್ನೆಲೆಯಲ್ಲಿ ‘ಚಿತ್ರಭಾನು’ವನ್ನೂ ಬರೆದರು. ಚಿತ್ರಭಾನು ಆ ಸಂವತ್ಸರದ ಹೆಸರು. ಪುರಾಣಕ್ಕೆ ಪುರಾಣದ ನಾಟಕ, ವರ್ತಮಾನಕ್ಕೆ ವರ್ತಮಾನದ ನಾಟಕ. ಏಕಲವ್ಯನ ಕೈಗೆ ಅವರು ಬಂದೂಕು ಕೊಡಲಿಲ್ಲ. ಆದರೂ ಗುರುವಿನ ಹೆಸರಿನಲ್ಲಿ ಶಿಷ್ಯನ ಬೆರಳನ್ನೇ ಕೇಳುವ ಅಧಿಕಾರದ ಕಥೆಯನ್ನು ಪರಾಧೀನ ದೇಶದ ಓದುಗ ಹೇಗೆ ಓದಿಕೊಂಡಾನೆಂದು ಅವರಿಗೆ ತಿಳಿಯದಿರುವುದುಂಟೇ? ಜಪಾನಿನ ನೋ ನಾಟಕಗಳನ್ನು ಕನ್ನಡಿಸಿದವರೂ ಅವರು. ಆ ನೋ ಪರಂಪರೆಯಲ್ಲಿ ಝೆಯಾಮಿ ಬರೆದ ‘ಅತ್ಸುಮೊರಿ’ ಎಂಬ ಪ್ರಸಿದ್ಧ ನಾಟಕವಿದೆ. ಯುದ್ಧದಲ್ಲಿ ಹದಿನಾರರ ಪ್ರಾಯದ ಹುಡುಗನೊಬ್ಬನನ್ನು ಕೊಂದ ವೀರ ಮನಸ್ಸು ಕದಡಿ ಸನ್ಯಾಸಿಯಾಗುತ್ತಾನೆ. ಕೊಂದ ಸ್ಥಳಕ್ಕೆ ಮರಳಿ ಬಂದು ಪ್ರಾರ್ಥಿಸುತ್ತಾನೆ. ಅಲ್ಲಿ ಅವನಿಗೆ ಆ ಹುಡುಗನ ಪ್ರೇತವೇ ಎದುರಾಗುತ್ತದೆ. ಕೊಂದವನೂ ಸತ್ತವನೂ ಮಾತನಾಡುತ್ತಾರೆ. ನಮ್ಮ ಅಭಿಮನ್ಯುವಿಗೂ ಹದಿನಾರೇ. ಜಯದ್ರಥನ ಪಾತ್ರಧಾರಿಗೆ ಮಾತು ಬರೆಯಲು ತೊಡಗುವ ಶಿಬಿರದವರು ಈ ದಾರಿಯಿಂದಲೂ ಹೊರಡಬಹುದು.

ಮಾತಿನ ಬಗ್ಗೆ ಇಷ್ಟು ಹಟ ಹಿಡಿಯಲು ನನಗೆ ಇನ್ನೊಂದು ಕಾರಣವಿದೆ. ಅದು ಬೆಂಗಳೂರಿನವರಿಗೆ ಕೂಡಲೇ ಅರ್ಥವಾಗದು, ಈ ಸಂಚಿಕೆಯನ್ನು ಓದುವ ನಮಗೆಲ್ಲ ಆದೀತು. ೧೯೫೬ರ ನವೆಂಬರ್ ೧ರಂದು ಗಡಿಯ ಗೆರೆ ಬಿದ್ದ ಮೇಲೆ ಕಾಸರಗೋಡಿನ ಕನ್ನಡ ಉಳಿದುದು ಮುಖ್ಯವಾಗಿ ಶಾಲೆಯಲ್ಲಿ ಮತ್ತು ಆಟ–ಕೂಟಗಳಲ್ಲಿ. ನಮ್ಮ ತರಗತಿಯ ಮಕ್ಕಳಿಗೆ ಮನೆಯಲ್ಲಿ ತುಳು, ಕೊಂಕಣಿ, ಮಲಯಾಳ, ಬ್ಯಾರಿ, ಮರಾಠಿ, ಉಪ್ಪಳದ ಕಡೆ ಉರ್ದು. ಗೋವಿಂದ ಪೈಗಳ ಮನೆಮಾತೂ ಕೊಂಕಣಿಯೇ. ಕನ್ನಡವೆಂಬುದು ಇಲ್ಲಿ ಅನೇಕರಿಗೆ ಕಲಿತು ಪಡೆದ ಸಂಪತ್ತು. ಪಾಠಪುಸ್ತಕದ ಕನ್ನಡದಲ್ಲಿ ಪ್ರಶ್ನೋತ್ತರ ಬರೆಯಬಹುದು. ಆದರೆ ಒಂದು ಉದ್ದ ವಾಕ್ಯವನ್ನು ಹಿಡಿದು, ‘ಆದರೆ’ ‘ಆದರೂ’ ‘ಹಾಗಿದ್ದ ಮೇಲೆ’ ಎಂದು ಮಡಚಿ, ಎದುರಾಳಿ ತಲೆದೂಗುವಂತೆ ಮುಗಿಸುವುದನ್ನು ಮಗು ಕಲಿಯುವುದು ಅರ್ಥಗಾರಿಕೆಯಿಂದ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ನಮಗೆ ಬಂದಿರುವ ‘ವಾಲಿಸಂಹಾರ’ದಲ್ಲಿ ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಇನ್ನೂ ನಮ್ಮ ನಡುವೆ ಇದ್ದಾರೆ; ಆ ಪ್ರಶ್ನೆಗಳ ಮುಂದೆ ದೇವರೆಂದು ನಂಬಿದವನನ್ನೂ ಒಂದು ಗಳಿಗೆ ಕಟಕಟೆಯಲ್ಲಿ ಕಾಣಬೇಕಾಗುತ್ತಿತ್ತು. ವೇಷವಿಲ್ಲ, ಬೆಳಕಿಲ್ಲ, ಕತ್ತಲೆಯೂ ಇಲ್ಲ. ತಾಳಮದ್ದಳೆಯ ಚಾಪೆಯ ಮೇಲೆ ಪಂಚೆ ಶಾಲಿನಲ್ಲಿ ಕುಳಿತವರು ಬರಿಯ ಮಾತಿನಿಂದ ರಣರಂಗವನ್ನು ಎಬ್ಬಿಸಿದರು. ಇಂದು ರಾಮನ ಅರ್ಥ ಹೇಳಿದವರು ಮುಂದಿನ ಕೂಟದಲ್ಲಿ ವಾಲಿಯ ಅರ್ಥ ಹೇಳಬೇಕಾಗಿ ಬರುತ್ತಿತ್ತು. ಎದುರಾಳಿಯ ಬಾಯಿಗೆ ತನ್ನ ಬುದ್ಧಿಯನ್ನೆಲ್ಲ ಕೊಡುವ ಈ ಶಿಕ್ಷಣವನ್ನು ಯಾವ ಬಿ.ಎಡ್. ಕಾಲೇಜಿನಲ್ಲಿಯೂ ನಾನು ಕಾಣಲಿಲ್ಲ. ಸೈರನ್ನಿಗೆ ಕನ್ನಡ ಬೇಡ, ಹೊಗೆಗೆ ಕನ್ನಡ ಬೇಡ. ಸದ್ದೇ ಪ್ರಧಾನವಾದ ನಾಟಕವನ್ನು ಯಾವ ಭಾಷೆಯ ಶಾಲೆಯಲ್ಲಾದರೂ ಆಡಬಹುದು. ಕನ್ನಡ ಶಾಲೆಯಲ್ಲಿ ಆಡಿದರೆ, ಕನ್ನಡಕ್ಕೆ ದಕ್ಕಬೇಕಾಗಿದ್ದ ಹತ್ತು ದಿನಗಳು ಕೈತಪ್ಪಿದವೆಂದೇ ಲೆಕ್ಕ.

ತರುಣ ನಿರ್ದೇಶಕರಿಗೆ ತಮ್ಮದೇ ಸಮಾಧಾನವಿದೆ, ಅದನ್ನೂ ಕೇಳಬೇಕು. ಅಂದು ಚಹಾ ಕುಡಿಯುವಾಗ ಅವರು ನನ್ನೊಡನೆ ಹೇಳಿದ್ದರ ಸಾರ ಇಷ್ಟು: ಈಗಿನ ಮಕ್ಕಳು ಯುದ್ಧವನ್ನು ದಿನವೂ ಫೋನಿನಲ್ಲಿ ನೋಡುತ್ತಾರೆ, ೨೦೨೨ರಿಂದ ಉಕ್ರೇನ್, ೨೦೨೩ರಿಂದ ಗಾಜಾ, ಕುಸಿದ ಶಾಲೆಯ ಚಿತ್ರವನ್ನು ಬೆರಳಿನಿಂದ ಸರಿಸಿ ಮುಂದಿನ ಹಾಡಿಗೆ ಹೋಗುತ್ತಾರೆ. ಮೈಗೆ ತಾಗದ ಹೊರತು ಅವರ ಮನಸ್ಸಿಗೆ ತಾಗದು. ಬಾಯಿಪಾಠದ ಧರ್ಮಾಧರ್ಮದ ಮಾತು ಅವರಿಗೆ ಸತ್ತ ಮಾತು. ಈ ವಾದದಲ್ಲಿ ಹುರುಳಿಲ್ಲವೆಂದು ಯಾರು ಹೇಳಿಯಾರು? ನಮ್ಮ ಕಾಲದ ವಾರ್ಷಿಕೋತ್ಸವದ ಪೌರಾಣಿಕ ನಾಟಕಗಳನ್ನು ನೆನೆದರೆ ನನಗೂ ನಗು ಬರುತ್ತದೆ. ಬಾಡಿಗೆಯ ಕಿರೀಟ ಕಿವಿಯ ಮೇಲೆ ಜಾರುತ್ತಿತ್ತು. ಒಂದೇ ಮೈಕಿನ ಮುಂದೆ ಭೀಮದುರ್ಯೋಧನರು ಸರದಿಯಲ್ಲಿ ನಿಂತು ಕಿರುಚುತ್ತಿದ್ದರು. ತೆರೆಯ ಮರೆಯಿಂದ ಮಾಸ್ತರರು ಹೇಳಿಕೊಟ್ಟ ಮಾತು ಮೊದಲ ಸಾಲಿನವರಿಗೆ ನಟನ ಬಾಯಿಗಿಂತ ಮುಂಚೆ ಕೇಳುತ್ತಿತ್ತು. ಅದನ್ನು ಉಳಿಸಿಕೊಳ್ಳಬೇಕೆಂದು ಯಾರೂ ವಾದಿಸಲಾರರು. ಶಾಲಾ ಕಲೋತ್ಸವದ ಯಕ್ಷಗಾನ ಸ್ಪರ್ಧೆಯಲ್ಲಿಯೂ ಕುಣಿತ, ವೇಷಗಳ ಅಚ್ಚುಕಟ್ಟಿನ ಮುಂದೆ ಮಾತು ಹಿಂದೆ ಬೀಳುವುದನ್ನು ಕಂಡಿದ್ದೇನೆ. ನಿಗದಿತ ಸಮಯ, ತೀರ್ಪುಗಾರರ ಅಂಕ, ಬರೆದುಕೊಟ್ಟ ಸಂಭಾಷಣೆ. ಹಾಗಾಗಿ ಈ ದೋಷ ಹೊಸಬರದೊಂದೇ ಅಲ್ಲ.

ಆದರೆ ಸತ್ತ ಮಾತಿಗೆ ಔಷಧ ಮಾತನ್ನೇ ತೆಗೆದುಹಾಕುವುದಲ್ಲ. ಬಾಯಿಪಾಠದ ಬದಲು ಮಗು ತಾನೇ ಮಾತು ಕಟ್ಟುವಂತೆ ಮಾಡಬೇಕು. ಶಿಬಿರದ ಹತ್ತು ದಿನಗಳು ಅದಕ್ಕೆ ಹೇಳಿ ಮಾಡಿಸಿದವು. ಜಯದ್ರಥನ ಹುಡುಗ ಮೊದಲ ದಿನ ಕಥೆ ಕೇಳಲಿ, ಎರಡನೆಯ ದಿನ, ತಾನು ಬಾಗಿಲು ಬಿಡದಿರಲು ಮೂರು ಕಾರಣ ಹೇಳಲಿ, ಮನೆಮಾತಿನಲ್ಲಾದರೂ ಸರಿ, ಆಮೇಲೆ ಕನ್ನಡದಲ್ಲಿ. ಭೀಮನ ಹುಡುಗ ಅದನ್ನು ಖಂಡಿಸಲಿ. ನಾಲ್ಕನೆಯ ದಿನ ಇಬ್ಬರ ಪಾತ್ರವನ್ನೂ ಅದಲುಬದಲು ಮಾಡಬೇಕು. ಇದು ತಾಳಮದ್ದಳೆಯ ಹಳೆಯ ಪದ್ಧತಿಯೇ ಹೊರತು ನನ್ನ ಸಂಶೋಧನೆಯಲ್ಲ. ಆಮೇಲೆ ಬೇಕಾದರೆ ಮಚ್ಚೆಯಂಗಿ ತೊಡಿಸಿ, ಸೈರನ್ ಹಾಕಿ. ಮುಖದ ಬಟ್ಟೆಯನ್ನು ಮಾತ್ರ ತೆಗೆಯಿಸಿ.

ಒಳಗೊಳ್ಳುವ ನಾಟಕಕ್ಕೆ ಅಭಿಮನ್ಯುವಿನ ಕಾಳಗಕ್ಕಿಂತಲೂ ಒದಗಿ ಬರುವ ಕಥೆಯೊಂದು ಕನ್ನಡದಲ್ಲಿ ಸಾವಿರ ವರ್ಷಗಳಿಂದ ಕಾದು ಕುಳಿತಿದೆ. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನ ಸಂಜಯನೊಡನೆ ರಣರಂಗದಲ್ಲಿ ನಡೆಯುವ ಭಾಗವನ್ನು ಪ್ರೌಢಶಾಲೆಯಲ್ಲಿ ಓದದ ಕನ್ನಡಿಗನಿಲ್ಲ. ಹೆಣಗಳ ನಡುವೆ ಕಾಲಿಡಲು ಎಡೆಯಿಲ್ಲದ ನೆಲ. ಅವನು ಒಬ್ಬೊಬ್ಬರ ಮುಂದೆ ನಿಲ್ಲುತ್ತಾನೆ: ಗುರು ದ್ರೋಣ, ಅಭಿಮನ್ಯು, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ, ಪ್ರತಿಯೊಬ್ಬರೊಡನೆಯೂ ಅವನಿಗೆ ಮಾತಿದೆ. ತನ್ನವರಿಗೆ ಅಳುವುದರಲ್ಲಿ ವಿಶೇಷವೇನಿಲ್ಲ. ಆದರೆ ಹಗೆಯ ಮಗನಾದ ಅಭಿಮನ್ಯುವಿನ ಮುಂದೆ ಆ ಛಲದಂಕಮಲ್ಲ ನಿಂತು, ಅವನ ಪರಾಕ್ರಮವನ್ನು ಹೊಗಳಿ, ತನಗೂ ಅಂಥ ಮರಣ ದೊರೆಯಲೆಂದು ಬಯಸುತ್ತಾನಲ್ಲ, ಅದಕ್ಕೆ ಸಮನಾದ ಕ್ಷಣ ಯುದ್ಧಸಾಹಿತ್ಯದಲ್ಲಿ ಅಪರೂಪ. ರನ್ನನ ಕಾವ್ಯದ ಒಡಲಲ್ಲಿ ನಾಟಕವಿದೆಯೆಂದು ಕಂಡು ಬಿ.ಎಂ.ಶ್ರೀ. ೧೯೨೬ರಲ್ಲಿಯೇ ‘ಗದಾಯುದ್ಧ ನಾಟಕಂ’ ಸಿದ್ಧಪಡಿಸಿದರು. ನೂರು ವರ್ಷಗಳಾದವು. ಇಲ್ಲಿ ಪ್ರೇಕ್ಷಕನನ್ನು ನಡೆಸಲು ಹೊಸ ಉಪಾಯವನ್ನೇನೂ ಹುಡುಕಬೇಕಿಲ್ಲ, ಕವಿಯೇ ನಡೆಸಿದ್ದಾನೆ. ಹದಿನೈದು ಮಂದಿ ದುರ್ಯೋಧನನ ಹಿಂದೆ ಹೆಜ್ಜೆ ಹಾಕಿದರಾಯಿತು. ಅವನು ನಿಂತಲ್ಲಿ ನಿಲ್ಲಬೇಕು, ಅವನು ಬಾಗಿದಲ್ಲಿ ಬಾಗಿ ನೋಡಬೇಕು.

ಹಳಗನ್ನಡವೆಂದು ಅಂಜುವ ಕಾರಣವಿಲ್ಲ. ಪದ್ಯವನ್ನು ಭಾಗವತರು ಹಾಡಲಿ, ಅರ್ಥವನ್ನು ಮಕ್ಕಳು ತಮ್ಮ ಮಾತಿನಲ್ಲಿ ಹೇಳಲಿ. ದುರ್ಯೋಧನನ ಪಾತ್ರಕ್ಕೆ ಒಬ್ಬನೇ ಸಾಲದು. ಪ್ರತಿ ಹೆಣದ ಮುಂದೆ ಬೇರೆ ಬೇರೆ ಮಗು ಕಿರೀಟವನ್ನು ಪಡೆದು ಮುಂದುವರಿಸಿದರೆ ಐದಾರು ಮಂದಿಗೆ ಮಾತು ಸಿಕ್ಕೀತು, ಅವರಲ್ಲಿ ಹೆಣ್ಣುಮಕ್ಕಳೂ ಇರಲಿ. ದ್ರೋಣನನ್ನೋ ಕರ್ಣನನ್ನೋ ಇಂದಿನ ಸೈನಿಕರ ಉಡುಪಿನಲ್ಲಿ ಮಲಗಿಸಬೇಕೆಂದು ನಿರ್ದೇಶಕರಿಗೆ ತೋರಿದರೆ ಮಲಗಿಸಲಿ. ಧ್ವನಿವರ್ಧಕ ಬೇಡ; ಒಂದು ಮದ್ದಳೆ ಸಾಕು. ಜಾಗ ಶಾಲೆಯೊಳಗಾಗದೆ ಕೊಯ್ಲು ಮುಗಿದ ಬಯಲಾದರೆ ಉತ್ತಮ, ಕಾಲ ಎಪ್ರಿಲ್ ಬದಲು ಮಕರಮಾಸವಾದರೆ ಇನ್ನೂ ಉತ್ತಮ. ಅಭಿಮನ್ಯುವಿಗೆ ಶಿಬಿರದ ಅತಿ ಚಿಕ್ಕ ಹುಡುಗನನ್ನು ಆರಿಸಬೇಕು. ಅವನಿಗೆ ಮಾತಿಲ್ಲ, ಅಲುಗಾಡುವಂತೆಯೂ ಇಲ್ಲ. ಗುಂಪು ಗುಂಪಾಗಿ ಬರುವವರೆಲ್ಲ ಮುಗಿಯುವ ತನಕ ಮುಕ್ಕಾಲು ಗಂಟೆ ಮಲಗಿರಬೇಕು. ಇರುಳಿನ ಹಿಮ ಬೀಳುವ ಗದ್ದೆಯಾದುದರಿಂದ ಅವನ ಕೆಳಗೊಂದು ದಪ್ಪ ಚಾಪೆ ಹಾಸಲು ಮರೆಯಬಾರದು.